ಹಾಕಿದ ತೇಪೆಯನ್ನು ಪರೀಕ್ಷಿಸುವುದು ಹೇಗೆ?

ನಮಸ್ಕಾರ. ‘ವಿಶ್ವದಲ್ಲಿ ಶೇ. 95 ಭಾಗ ಏನೆಂದೇ ಗೊತ್ತಿಲ್ಲ. ಡಾರ್ಕ್ ಮ್ಯಾಟರ್, ಡಾರ್ಕ್ ಎನರ್ಜಿ ಅಂತ ಹೆಸರಿಟ್ಟು ತೇಪೆ ಹಾಕಿದ್ದಾರೆ. ಇದನ್ನು ಪರೀಕ್ಷೆ ಮಾಡೋದಾದರೂ ಹೇಗೆ?’ ಎಂದು ಬರೆದಿದ್ದೀರಿ. ಸ್ವಲ್ಪ ಸಿಟ್ಟಿನಿಂದಲೇ ಬರೆದಿದ್ದೀರಿ, ಅಲ್ವಾ?

ತೇಪೆ ನಿಜ. 1998ರಲ್ಲಿ ದೂರದ ಸೂಪರ್‌ನೋವಾಗಳು (ಸ್ಫೋಟಿಸುವ ತಾರೆಗಳು) ಲೆಕ್ಕಕ್ಕಿಂತ ಮಂಕಾಗಿ ಕಂಡವು, ಅಂದರೆ ಎಣಿಸಿದ್ದಕ್ಕಿಂತ ದೂರದಲ್ಲಿದ್ದವು. ವಿಶ್ವ ಹಿಗ್ಗುವ ವೇಗ ಏರುತ್ತಿದೆ ಎಂದು ಗೊತ್ತಾಗಿದ್ದು ಆಗ. ಆ ವೇಗ ಏರಿಸುವ ಡಾರ್ಕ್ ಎನರ್ಜಿ, ವಿಶ್ವವನ್ನು ವಿವರಿಸುವ ಪ್ರಮಾಣಿತ ಮಾದರಿಯೊಳಗೆ ಗಟ್ಟಿಯಾಗಿ ಕೂತದ್ದೂ ಆಗಲೇ. ಆದರೆ ಒಮ್ಮೆ ಹಾಕಿದ ತೇಪೆಯನ್ನು ಬೇಕಾದ ಹಾಗೆ ಎಳೆದಾಡಲು ಬರುವುದಿಲ್ಲ. ಮಾದರಿಯಲ್ಲಿರುವುದು ಆರೇ ಆರು ಮೂಲ ಸಂಖ್ಯೆಗಳು. ಅವನ್ನು ಒಂದು ಕಡೆ ಅಳೆದರೆ ಉಳಿದದ್ದನ್ನು ಮಾದರಿಯೇ ಹೇಳಬೇಕು.

ಪ್ಲಾಂಕ್ ಉಪಗ್ರಹ ಅಳೆದದ್ದು ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕನ್ನು. ಅದನ್ನು ಮಾದರಿಗೆ ಕೊಟ್ಟರೆ, ಇವತ್ತು ವಿಶ್ವ ಹಿಗ್ಗುವ ದರ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ) ಸೆಕೆಂಡಿಗೆ ಸುಮಾರು 67 ಕಿ.ಮೀ. ಎನ್ನುತ್ತದೆ. ಖಗೋಳವಿಜ್ಞಾನಿ ಆ್ಯಡಮ್ ರೀಸ್ ತಂಡ ಸೆಫೀಡ್ ತಾರೆಗಳನ್ನೂ (ಹೊಳಪು ಏರಿಳಿಯುವ, ದೂರ ಅಳೆಯಲು ನೆರವಾಗುವ ತಾರೆಗಳು) ಸೂಪರ್‌ನೋವಾಗಳನ್ನೂ ನೋಡಿ ನೇರವಾಗಿ ಅಳೆದರೆ 73 ಬರುತ್ತದೆ. ಹಬಲ್ ದೂರದರ್ಶಕಕ್ಕೆ ಪಕ್ಕದ ತಾರೆಗಳ ಬೆಳಕೂ ಸೇರಿ ಮೋಸವಾಗಿರಬಹುದು ಎಂಬ ಅನುಮಾನವಿತ್ತು. ಇನ್ನೂ ಚುರುಕು ಕಣ್ಣಿನ ಜೇಮ್ಸ್ ವೆಬ್ ದೂರದರ್ಶಕ ನೋಡಿದ ಮೇಲೂ ಸೆಫೀಡ್ ಅಳತೆ ಹೆಚ್ಚು ಅಲುಗಲಿಲ್ಲ. ಇನ್ನೊಬ್ಬ ಖಗೋಳವಿಜ್ಞಾನಿ ವೆಂಡಿ ಫ್ರೀಡ್‌ಮನ್ ತಂಡಕ್ಕೆ ಸಿಕ್ಕಿದ್ದು ಸುಮಾರು 70, ಸರಿಯಾಗಿ ನಡುವೆ! ಹಾಗಾಗಿ ಜಗಳ ಮುಗಿದಿಲ್ಲ.

ವೆಬ್ ಕಂಡ ತೀರಾ ಹಳೆಯ, ಹೊಳೆಯುವ ಗೆಲಾಕ್ಸಿಗಳಿಂದ ‘ಬಿಗ್ ಬ್ಯಾಂಗ್ ಸುಳ್ಳು’ ಎಂಬ ಸುದ್ದಿ ಹಬ್ಬಿತಲ್ಲ, ಅದನ್ನು ಬಿಡಿ. ತಾರೆಗಳು ಅಷ್ಟು ಬೇಗ ಹೇಗೆ ಹುಟ್ಟಿದವು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ.

ನನಗೆ ಜಾಸ್ತಿ ಕುತೂಹಲ ಇರುವುದು ಗೆಲಾಕ್ಸಿಗಳ ನಕ್ಷೆ ಮಾಡುವ, ಅಮೆರಿಕದ ಅರಿಜೋನಾದ ಡೆಸಿ (DESI) ಸಮೀಕ್ಷೆಯ ಬಗ್ಗೆ. ಎಳೆಯ ವಿಶ್ವದಲ್ಲಿ ಎದ್ದ ಶಬ್ದದಲೆಗಳ ಗುರುತು ಗೆಲಾಕ್ಸಿಗಳ ಹಂಚಿಕೆಯಲ್ಲಿ ಈಗಲೂ ಇದೆ. ಒಂದರಿಂದ ಇನ್ನೊಂದು ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಗೆಲಾಕ್ಸಿ ಜೋಡಿಗಳು ಕೊಂಚ ಹೆಚ್ಚು. ಈ ಅಂತರ ಬೇರೆ ಬೇರೆ ದೂರದಲ್ಲಿ, ಅಂದರೆ ಬೇರೆ ಬೇರೆ ಕಾಲದಲ್ಲಿ, ಎಷ್ಟು ಕಾಣುತ್ತದೆ ಎಂದು ನೋಡಿದರೆ ವಿಶ್ವ ಯಾವಾಗ ಎಷ್ಟು ಹಿಗ್ಗಿತು ಎಂದು ತಿಳಿಯುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ಫಲಿತಾಂಶದಲ್ಲಿ 1.4 ಕೋಟಿಗೂ ಹೆಚ್ಚು ಗೆಲಾಕ್ಸಿ, ಕ್ವೇಸಾರ್‌ಗಳ (ತೀರಾ ಪ್ರಖರವಾಗಿ ಹೊಳೆಯುವ ಗೆಲಾಕ್ಸಿ ಕೇಂದ್ರಗಳು) ಲೆಕ್ಕವಿದೆ. ಡೆಸಿ ಒಂದನ್ನೇ ನೋಡಿದರೆ, ಡಾರ್ಕ್ ಎನರ್ಜಿ ಬದಲಾಗುವುದಿಲ್ಲ ಎನ್ನುವ ಹಳೆಯ ಮಾದರಿ ಪಾಸು. ಪ್ಲಾಂಕ್ ಮತ್ತು ಸೂಪರ್‌ನೋವಾ ಅಳತೆಗಳನ್ನು ಜೊತೆಗಿಟ್ಟರೆ, ಡಾರ್ಕ್ ಎನರ್ಜಿ ಕಾಲಕ್ರಮೇಣ ಕುಂದುತ್ತಿರುವ ಸುಳಿವು ಸಿಗುತ್ತದೆ. ಅದೇ ನಿಜವಾದರೆ ಮಾದರಿ ಬದಲಾಗಲೇಬೇಕು.

ನಾನಿನ್ನೂ ಕಾಯುವ ಪಕ್ಷ. ಯಾವ ಸೂಪರ್‌ನೋವಾ ಪಟ್ಟಿ ಬಳಸಿದಿರಿ ಎಂಬುದರ ಮೇಲೆ ಆ ಫಲಿತಾಂಶದಲ್ಲಿ ಈ ಸುಳಿವಿನ ಬಲ 2.8ರಿಂದ 4.2 ಸಿಗ್ಮಾವರೆಗೆ ಓಡಾಡಿತ್ತು. ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ. ಭೌತವಿಜ್ಞಾನಿಗಳು ಕೇಳುವುದು 5. ಈಗಿನ ಪಟ್ಟಿಗಳಲ್ಲಿ ಬೇರೆ ಬೇರೆ ದೂರದರ್ಶಕಗಳ ಅಳತೆಗಳು ಬೆರೆತಿವೆ. ಚಿಲಿಯ ರೂಬಿನ್ ವೀಕ್ಷಣಾಲಯ ಒಂದೇ ಕ್ಯಾಮೆರಾದಲ್ಲಿ ರಾಶಿ ರಾಶಿ ಸೂಪರ್‌ನೋವಾ ಹಿಡಿಯಲಿದೆ. ಪಟ್ಟಿಯ ತಕರಾರು ಅಲ್ಲಿ ತೀರಬಹುದು.

— ಸಂಪಾದಕ