ಐಪಿಎಲ್ 2009ರಲ್ಲಿ ದೇಶ ಬಿಟ್ಟು ಹೋಗಿದ್ದು ಭದ್ರತೆಗಾ, ದುಡ್ಡಿಗಾ?

ನಿಮ್ಮ ಪ್ರಶ್ನೆ ಹೀಗಿದೆ: ಐಪಿಎಲ್ ನಮ್ಮ ದೇಶದೊಳಗಿನ ಟೂರ್ನಿ. ಚುನಾವಣೆ ಇದೆ ಅಂತ 2009ರಲ್ಲಿ ಅದನ್ನು ದಕ್ಷಿಣ ಆಫ್ರಿಕಾಕ್ಕೆ ಒಯ್ದರು. ನಿಜವಾದ ಕಾರಣ ಯಾವುದು, ಮುಂದೆಯೂ ಹೀಗಾಗಬಹುದಾ?

ಭದ್ರತೆಯ ಸಮಸ್ಯೆ ಸುಳ್ಳಲ್ಲ. ಆದರೆ ಭದ್ರತೆ ಇಲ್ಲ ಅಂದಾಗ ಟೂರ್ನಿ ನಿಲ್ಲಿಸಬಹುದಿತ್ತು, ಚಿಕ್ಕದು ಮಾಡಬಹುದಿತ್ತು. ಎರಡನ್ನೂ ಮಾಡದೆ ದೇಶವನ್ನೇ ಬದಲಾಯಿಸಿದರಲ್ಲ, ಅದು ಟಿವಿ ದುಡ್ಡಿಗಾಗಿ. ನನಗೆ ಹಾಗೆ ಅನಿಸಲು ಕಾರಣ ಇದೆ.

ನಾನು ಹಾಸನದಲ್ಲಿ ಶಾಲಾ ಮೇಷ್ಟ್ರು. ಚುನಾವಣಾ ಡ್ಯೂಟಿ ನಮಗೆ ತಪ್ಪಿದ್ದಲ್ಲ. ಮಸ್ಟರಿಂಗ್ ದಿನ, ಅಂದರೆ ಮತದಾನದ ಹಿಂದಿನ ದಿನ, ಮತಯಂತ್ರ ಹೊತ್ತು ಸಕಲೇಶಪುರದ ಕಡೆ ಬಸ್ಸು ಹತ್ತುವಾಗ ನಮ್ಮ ಜೊತೆಗೆ ಬರುವ ಪೊಲೀಸರು ಎಷ್ಟು ಕಡಿಮೆ ಅಂತ ಕಣ್ಣಾರೆ ನೋಡಿದ್ದೇನೆ. ಇಡೀ ಜಿಲ್ಲೆಯ ಪೊಲೀಸರು ಬಂದೋಬಸ್ತ್‌ಗೆ ಹೋಗಿರುತ್ತಾರೆ. 2009ರಲ್ಲಿ ಏಪ್ರಿಲ್ 16ರಿಂದ ಮೇ 13ರವರೆಗೆ ಐದು ಹಂತದಲ್ಲಿ ಮತದಾನ ನಡೆಯಿತು. ನಮ್ಮ ರಾಜ್ಯದಲ್ಲಿ ಏಪ್ರಿಲ್ 23 ಮತ್ತು 30ಕ್ಕೆ. ಐಪಿಎಲ್ ಮೊದಲು ನಿಗದಿಯಾಗಿದ್ದು ಏಪ್ರಿಲ್ 10ರಿಂದ ಮೇ 24ರವರೆಗೆ. ಎರಡೂ ಒಂದರ ಮೇಲೊಂದು ಬಿದ್ದವು.

ಆ ಸಮಯದ ಭಯವನ್ನೂ ನೆನಪಿಸಿಕೊಳ್ಳಬೇಕು. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ನಡೆದಿತ್ತು. 2009ರ ಮಾರ್ಚ್ 3ಕ್ಕೆ ಲಾಹೋರಿನಲ್ಲಿ ಶ್ರೀಲಂಕಾ ಆಟಗಾರರ ಬಸ್ಸಿನ ಮೇಲೆ ಗುಂಡು ಹಾರಿಸಿದರು. ಗೃಹ ಸಚಿವ ಚಿದಂಬರಂ ಚುನಾವಣೆಗೆ ಬೇಕಾದ ಕೇಂದ್ರ ಪಡೆಗಳನ್ನು ಪಂದ್ಯಗಳಿಗೆ ಕೊಡಲು ಒಪ್ಪಲಿಲ್ಲ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಜನ ಸೇರುವ ಕಡೆ ಸಾಕಷ್ಟು ಪೊಲೀಸರು ಬೇಕು ಅನ್ನುವುದು ಸುಮ್ನೆ ಹೇಳುವ ನೆಪ ಅಲ್ಲ.

ರಾಜಕೀಯ ಶುರುವಾಗಿದ್ದು ಇದರ ಮೇಲೆ. ವೇಳಾಪಟ್ಟಿ ಬದಲಾಯಿಸಿ ಕೊಟ್ಟರೂ ಮಹಾರಾಷ್ಟ್ರ, ಆಂಧ್ರ, ದೆಹಲಿ ಒಪ್ಪಿಗೆ ಕೊಡಲಿಲ್ಲ. ಮೂರೂ ಕಡೆ ಆಗ ಕಾಂಗ್ರೆಸ್ ನೇತೃತ್ವದ ಸರ್ಕಾರ. ಮಾರ್ಚ್ 22ಕ್ಕೆ ಕ್ರಿಕೆಟ್ ಮಂಡಳಿ ಅಧ್ಯಕ್ಷ ಶಶಾಂಕ್ ಮನೋಹರ್ ಟೂರ್ನಿ ಹೊರದೇಶಕ್ಕೆ ಹೋಗುತ್ತದೆ ಎಂದರು. ಗುಜರಾತ್ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಇದು ದೇಶಕ್ಕೆ ನಾಚಿಕೆ ಎಂದು ಟೀಕಿಸಿದರು. ಬಿಜೆಪಿ ನಾಯಕ ಅರುಣ್ ಜೇಟ್ಲಿ ಕೂಡ ಸರ್ಕಾರವನ್ನು ಬೈದರು, ಅವರೇ ಆಗ ದೆಹಲಿ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರು. ಆ ಕಡೆ ಕೇಂದ್ರ ಸಚಿವ ಶರದ್ ಪವಾರ್ ಮಂಡಳಿಯ ಹಿಂದಿನ ಅಧ್ಯಕ್ಷರು. ಸರ್ಕಾರದಲ್ಲೂ ವಿರೋಧ ಪಕ್ಷದಲ್ಲೂ ಕ್ರಿಕೆಟ್ ಆಡಳಿತದವರೇ ಇದ್ದರು. ಒಟ್ಟಿಗೆ ಕೂತು ಮಾತಾಡುವುದು ಅವರಿಗೆ ಕಷ್ಟವಿರಲಿಲ್ಲ, ಅಲ್ವಾ?

ಮುಂದೂಡುವುದಾದರೆ ಎಲ್ಲಿಗೆ? ಜೂನ್ 5ಕ್ಕೆ ಇಂಗ್ಲೆಂಡಿನಲ್ಲಿ ಟಿ20 ವಿಶ್ವಕಪ್. ಆಮೇಲೆ ಮಳೆಗಾಲ. ಜೂನ್ ಬಂದರೆ ಮೈದಾನ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಳೆ ಮುಗಿದ ಮೇಲೆ ವಿದೇಶಿ ಆಟಗಾರರು ಅವರವರ ದೇಶಕ್ಕೆ ಆಡುತ್ತಿರುತ್ತಾರೆ. ಅಂದರೆ ಆ ವರ್ಷ ಟೂರ್ನಿ ಬಿಡಬೇಕು, ಇಲ್ಲವೇ ಹೊರಗೆ ಒಯ್ಯಬೇಕು. ಬಿಟ್ಟರೆ ಟಿವಿ ದುಡ್ಡು, ಪ್ರಾಯೋಜಕರ ದುಡ್ಡು ಎರಡೂ ನಿಲ್ಲುತ್ತವೆ. ಅದೇ ಮಾರ್ಚ್‌ನಲ್ಲಿ ಸೋನಿ ಟಿವಿ ಜೊತೆಗಿನ ಹಳೆ ಪ್ರಸಾರ ಒಪ್ಪಂದ ಮುರಿದು, ಮತ್ತೆ ಸೋನಿ ಜೊತೆಗೇ ಒಂಬತ್ತು ವರ್ಷಕ್ಕೆ ಸುಮಾರು 8,200 ಕೋಟಿ ರೂಪಾಯಿಯ ಹೊಸ ಒಪ್ಪಂದ ಆಗಿತ್ತು.

ಈಗ ಪಂದ್ಯದ ಸಮಯ ನೋಡಿ. ದಕ್ಷಿಣ ಆಫ್ರಿಕಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಪಂದ್ಯ ಶುರುವಾಗುತ್ತಿದ್ದದ್ದು ಮಧ್ಯಾಹ್ನ 12.30ಕ್ಕೆ ಮತ್ತು ಸಂಜೆ 4.30ಕ್ಕೆ. ಇಲ್ಲಿ ಆಗ ಸರಿಯಾಗಿ 4 ಗಂಟೆ, 8 ಗಂಟೆ. ಹಾಸನದಲ್ಲಿ ಟಿವಿ ಮುಂದೆ ಕೂರುವವರ ಊಟದ ಹೊತ್ತೂ ಬದಲಾಗಲಿಲ್ಲ. ಫೈನಲ್ ಕೂಡ ಮೊದಲು ಹೇಳಿದ್ದ ಮೇ 24ಕ್ಕೇ ಆಯಿತು. ಆಡುವ ದೇಶ ಬದಲಾಯಿತು, ಆದರೆ ರಾತ್ರಿ 8 ಗಂಟೆ ಬದಲಾಗಲಿಲ್ಲ. ಭದ್ರತೆಯೊಂದೇ ಲೆಕ್ಕವಾಗಿದ್ದರೆ ಇಷ್ಟು ಜೋಪಾನ ಯಾರಿಗೆ ಬೇಕಿತ್ತು?

ಕಳೆದುಕೊಂಡವರು ಮೈದಾನಕ್ಕೆ ಹೋಗುವ ಜನ. ಮನೀಶ್ ಪಾಂಡೆ ಮೇ 21ಕ್ಕೆ ಸೆಂಚುರಿಯನ್‌ನಲ್ಲಿ ಔಟಾಗದೆ 114 ಹೊಡೆದು ಐಪಿಎಲ್‌ನಲ್ಲಿ ಶತಕ ಗಳಿಸಿದ ಮೊದಲ ಭಾರತೀಯರಾದರು. ಫೈನಲ್‌ನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರೂ ಬೆಂಗಳೂರು ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿಂದ ಸೋತಿತು. ಹೈದರಾಬಾದ್ ತಂಡಕ್ಕೂ ಬೆಂಗಳೂರು ತಂಡಕ್ಕೂ ಜೊಹಾನ್ಸ್‌ಬರ್ಗ್‌ನಲ್ಲಿ ಫೈನಲ್! ಹಾಸನದಿಂದ ಬಸ್ಸು ಹತ್ತಿ ಚಿನ್ನಸ್ವಾಮಿಗೆ ಹೋಗುತ್ತಿದ್ದ ಹುಡುಗರಿಗೆ ಆ ವರ್ಷದ ಐಪಿಎಲ್‌ನಲ್ಲಿ ತಮ್ಮ ತಂಡದ ಒಂದು ಪಂದ್ಯವೂ ಸಿಗಲಿಲ್ಲ. ನನಗೆ ಇವತ್ತಿಗೂ ಬೇಜಾರಾಗುವುದು ಇದಕ್ಕೆ.

ದುಡ್ಡಿನ ಲೆಕ್ಕವೂ ಸರಿಯಾಗಿ ನಡೆಯಲಿಲ್ಲ. ಮಂಡಳಿ 243 ಕೋಟಿ ರೂಪಾಯಿಯನ್ನು ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ದಕ್ಷಿಣ ಆಫ್ರಿಕಾಕ್ಕೆ ಕಳಿಸಿತು ಎಂದು ಜಾರಿ ನಿರ್ದೇಶನಾಲಯ 2018ರಲ್ಲಿ ಒಟ್ಟು 121.56 ಕೋಟಿ ದಂಡ ಹಾಕಿತು. ಅದರಲ್ಲಿ ಮಂಡಳಿಗೆ 82.66 ಕೋಟಿ, 2009ರಲ್ಲಿ ಐಪಿಎಲ್ ಮುಖ್ಯಸ್ಥರಾಗಿದ್ದ ಲಲಿತ್ ಮೋದಿಗೆ 10.65 ಕೋಟಿ. ಅಲ್ಲಿನ ಕ್ರಿಕೆಟ್ ಸಂಸ್ಥೆಯ ಮುಖ್ಯಸ್ಥ ಜೆರಾಲ್ಡ್ ಮಜೋಲಾ ಐಪಿಎಲ್ ನಡೆಸಿಕೊಟ್ಟಿದ್ದಕ್ಕೆ ಬಂದ ಬೋನಸ್ ವಿಷಯ ಸರಿಯಾಗಿ ತಿಳಿಸಲಿಲ್ಲ ಎಂದು ವಿಚಾರಣೆ ನಡೆದು, 2012ರಲ್ಲಿ ಕೆಲಸ ಕಳೆದುಕೊಂಡರು. ಅವಸರದಲ್ಲಿ ಕೋಟಿಗಟ್ಟಲೆ ಹಣ ದೇಶ ದಾಟಿದರೆ ಲೆಕ್ಕ ಕೇಳುವವರು ಹಿಂದೆ ಉಳಿಯುತ್ತಾರೆ.

2020ರ ಯುಎಇ ಟೂರ್ನಿಯನ್ನು ಇದರ ಜೊತೆ ಸೇರಿಸಬೇಡಿ, ಅದು ಕೋವಿಡ್ ಕಾಲ. ಆದರೂ ಅಲ್ಲಿಂದ ಒಂದು ವಿಷಯ ಗೊತ್ತಾಗುತ್ತದೆ. ಗ್ಯಾಲರಿ ಖಾಲಿ ಇದ್ದರೂ ಮಂಡಳಿಗೆ ಸುಮಾರು 4,000 ಕೋಟಿ ಬಂತು ಎಂದು ಆಗಿನ ಖಜಾಂಚಿ ಅರುಣ್ ಧುಮಾಲ್ ಹೇಳಿದ್ದರು. ಟಿಕೆಟ್ ದುಡ್ಡು ಈ ಲೆಕ್ಕದಲ್ಲಿ ಎಷ್ಟು ಸಣ್ಣದು ಅಂತ ನೀವೇ ನೋಡಿ.

ಮುಂದೆ ಹೀಗಾಗುತ್ತದಾ? ಆಗಬೇಕಾಗಿಲ್ಲ. 2014ರಲ್ಲಿ ಮೊದಲ 20 ಪಂದ್ಯ ಮಾತ್ರ ಯುಎಇಯಲ್ಲಿ ನಡೆದವು, ಉಳಿದವು ಇಲ್ಲೇ. 2019ರಲ್ಲಿ ಚುನಾವಣೆ ಇದ್ದರೂ ಎಲ್ಲವೂ ಇಲ್ಲೇ. 2024ರಲ್ಲಿ ಮೊದಲು 21 ಪಂದ್ಯಗಳ ಪಟ್ಟಿ ಕೊಟ್ಟು, ಮತದಾನದ ದಿನಾಂಕ ಗೊತ್ತಾದ ಮೇಲೆ ಉಳಿದದ್ದು ಹೇಳಿದರು. ಮನಸ್ಸು ಮಾಡಿದರೆ ಆಗುತ್ತದೆ. 2029ರಲ್ಲಿ ಮತ್ತೆ ಲೋಕಸಭೆ ಚುನಾವಣೆ ಬರಲಿದೆ. ಆಗಲೂ ಇದೇ ಕ್ರಮ ಇಟ್ಟುಕೊಳ್ಳಲಿ. ಅಕಸ್ಮಾತ್ ಹೊರಗೆ ಒಯ್ಯಲೇಬೇಕಾದರೆ ಯಾವ ರಾಜ್ಯ ಯಾವ ದಿನ ಪೊಲೀಸರನ್ನು ಕೊಡಲಾಗದು ಎಂದಿತು, ಹೊರಗೆ ಎಷ್ಟು ಖರ್ಚಾಗುತ್ತದೆ, ಹಣ ಯಾವ ಖಾತೆಗೆ ಹೋಗುತ್ತದೆ ಎನ್ನುವುದನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಮಂಡಳಿ ಜನರ ಮುಂದೆ ಇಡಲಿ.