ಲೀಸಿಗೆ ಹೋಗೋಣವೇ, ಬಾಡಿಗೆಗೆ ಇರೋಣವೇ?

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ನಮ್ಮ ಯಜಮಾನರಿಗೆ ಬೆಂಗಳೂರಿನ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಎರಡು ತಿಂಗಳಿಂದ ಅಲ್ಲೇ ಪಿಜಿಯಲ್ಲಿದ್ದಾರೆ. ನಾನು, ಅತ್ತೆ, ಮೂರು ವರ್ಷದ ಮಗ ಹೋಗಬೇಕು. ಸೈಟು ಮಾರಿದ 12 ಲಕ್ಷ ಬ್ಯಾಂಕಿನಲ್ಲಿದೆ. ಬ್ರೋಕರ್ ಒಬ್ಬರು ಎರಡನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ ತೋರಿಸಿದ್ದಾರೆ. 12 ಲಕ್ಷಕ್ಕೆ ಮೂರು ವರ್ಷ ಲೀಸ್. ಬಾಡಿಗೆಗಾದರೆ ತಿಂಗಳಿಗೆ 18 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಆಷಾಢಕ್ಕೆ ಮುಂಚೆ ಹೂಂ ಅನ್ನಿ, ಆಮೇಲೆ ಮನೆ ಸಿಗಲ್ಲ ಅನ್ನುತ್ತಾರೆ. ನಮ್ಮ ನಾದಿನಿ ಬೆಂಗಳೂರಿನ ವಿಜಯನಗರದಲ್ಲಿದ್ದಾರೆ, ಅಲ್ಲೇ ಹತ್ತಿರ ನೋಡಿ ಅನ್ನುತ್ತಾರೆ. ಬಾಡಿಗೆ ಕಟ್ಟಿದ ದುಡ್ಡು ನೀರಿಗೆ ಹಾಕಿದ ಹಾಗೆ ಅಲ್ವಾ? ಏನು ಮಾಡೋಣ?"

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಬಾಡಿಗೆಗೆ ಇರಿ. ಗೊತ್ತಿಲ್ಲದ ಊರಿನಲ್ಲಿ ಹಿಡಿಯುವ ಮೊದಲ ಮನೆ, ಬೇಡ ಅನ್ನಿಸಿದ ದಿನ ಬಿಟ್ಟು ಬರಲು ಆಗುವಂಥದ್ದಾಗಿರಬೇಕು. ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಎಷ್ಟು ದೊಡ್ಡದು ಅನ್ನುವುದೆಲ್ಲ ಅದರ ಆಮೇಲೆ.

ಈಗ ಲೀಸಿನ ಲೆಕ್ಕ. ಲೀಸ್ ಅಂದರೆ ಭೋಗ್ಯ: ದೊಡ್ಡ ಮೊತ್ತವನ್ನು ಒಟ್ಟಿಗೆ ಓನರಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಅದನ್ನು ವಾಪಸು ಪಡೆಯುವುದು. 12 ಲಕ್ಷ ಬ್ಯಾಂಕಿನಲ್ಲೇ ಇದ್ದರೆ ನೂರಕ್ಕೆ ಏಳರಂತೆ ವರ್ಷಕ್ಕೆ 84 ಸಾವಿರ ಬಡ್ಡಿ. ಬಾಡಿಗೆ ವರ್ಷಕ್ಕೆ 2 ಲಕ್ಷ 16 ಸಾವಿರ. ಅಂದರೆ ಲೀಸಿಗೆ ಹೋದರೆ ವರ್ಷಕ್ಕೆ 1 ಲಕ್ಷ 32 ಸಾವಿರ ಉಳಿತಾಯ. ಮೂರು ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಲಕ್ಷ. ಸಣ್ಣ ಮೊತ್ತವಲ್ಲ. ನಿಮಗೆ ಆಸೆಯಾಗಿದ್ದು ತಪ್ಪಲ್ಲ.

ಅದೇ ಲೆಕ್ಕವನ್ನು ಓನರ್ ಕಡೆಯಿಂದ ನೋಡಿ. ನಿಮ್ಮ 12 ಲಕ್ಷ ಇಟ್ಟುಕೊಳ್ಳುವುದಕ್ಕೆ ಅವರು ವರ್ಷಕ್ಕೆ 2 ಲಕ್ಷ 16 ಸಾವಿರದ ಬಾಡಿಗೆ ಬಿಟ್ಟುಕೊಡುತ್ತಿದ್ದಾರೆ. ನೂರಕ್ಕೆ ಹದಿನೆಂಟು ಬಡ್ಡಿಗೆ ಸಾಲ ತೆಗೆದ ಹಾಗಾಯಿತು. ಸ್ವಂತ ಕಟ್ಟಡ ಇರುವವರಿಗೆ ಬ್ಯಾಂಕು ಅದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ಮತ್ತೆ ಇಷ್ಟು ದುಬಾರಿ ದುಡ್ಡು ಯಾಕೆ ಬೇಕಾಯಿತು? ಮೇಲಿನ ಮಹಡಿ ಕಟ್ಟಿಸಲು ಇರಬಹುದು, ಮಗಳ ಮದುವೆ ಇರಬಹುದು. ಬ್ಯಾಂಕಿನಲ್ಲಿ ತೆಗೆಯಬಹುದಾದಷ್ಟು ಸಾಲ ಆಗಲೇ ತೆಗೆದಿರಲೂಬಹುದು. ಈ ಮೂರನೆಯದೇ ನನಗೆ ಭಯ. ಸಾಲದ ಕಂತು ನಿಂತರೆ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆಗ ಗೇಟಿಗೆ ನೋಟಿಸ್ ಅಂಟಿಸುವ ದಿನ ಒಳಗಿರುವವರು ನೀವು. ನಿಮ್ಮ 12 ಲಕ್ಷಕ್ಕಾಗಿ ಓನರ್ ಹಿಂದೆ ಅಲೆಯಬೇಕಾದವರೂ ನೀವೇ.

ಇನ್ನೊಂದು ವಿಷಯ. ಲೀಸಿನ ದುಡ್ಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿರುವ ಓನರ್ ಕಡಿಮೆ. ಮೂರು ವರ್ಷದ ಮೇಲೆ ಮುಂದಿನವರು ಬಂದು ದುಡ್ಡು ಕೊಟ್ಟರೆ ಅದನ್ನೇ ನಿಮಗೆ ಕೊಡುತ್ತಾರೆ. ಮುಂದಿನವರು ಸಿಗುವ ತನಕ "ಇನ್ನೊಂದು ತಿಂಗಳು ಇರಿ" ಎಂಬ ಮಾತು.

ಇಷ್ಟು ಹೇಳಿದ ಮೇಲೂ ಲೀಸೇ ಆಗಬೇಕು ಅಂದರೆ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಮನೆ ಮೇಲೆ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ, ತೆಗೆಸಿ. ಅದೊಂದನ್ನೇ ನಂಬಬೇಡಿ. ಮನೆ ಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ. ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಇದೆ ಅಂದರೆ ಮೂಲ ಎಲ್ಲಿದೆ ಎಂದು ನೀವೇ ಊಹಿಸಿಕೊಳ್ಳಿ. ಒಂದು ವರ್ಷ ಮೀರಿದ ಲೀಸ್ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಸ್ಟ್ಯಾಂಪ್ ಪೇಪರ್ ಮೇಲೆ ನೋಟರಿ ಸಹಿ ಇದ್ದರೆ ಸಾಲದು. ಸಹಿ ಹಾಕುವವರು ನಿಜವಾದ ಓನರೇ ಅನ್ನುವುದನ್ನೂ ನೋಡಿ. ಓನರಿಂದ ಬಾಡಿಗೆಗೆ ಹಿಡಿದ ಮನೆಯನ್ನೇ ಬೇರೆಯವರಿಗೆ ಲೀಸಿಗೆ ಕೊಟ್ಟು, ಒಟ್ಟು ದುಡ್ಡಿನೊಂದಿಗೆ ಮಾಯವಾದ ಮಧ್ಯವರ್ತಿಗಳು ಬೆಂಗಳೂರಿನಲ್ಲಿ ಬೇಕಾದಷ್ಟು. ಕಂದಾಯದ ರಸೀದಿಯಲ್ಲಿ ಯಾರ ಹೆಸರಿದೆಯೋ ಅವರನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಾಡಿಗೆ ಕರಾರಿಗೂ ಇದೇ ಎಚ್ಚರ ಬೇಕು. ಬಾಡಿಗೆದಾರರನ್ನು ಕಾಯಲು ಕಾನೂನು ಇದೆ ಎಂದು ಬಹಳ ಜನ ನಂಬಿದ್ದಾರೆ. ಇದೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಈಗ ಅಲ್ಲಿ ಕಾರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಿಮ್ಮ ಕೈಯಲ್ಲಿರುವ ಹನ್ನೊಂದು ತಿಂಗಳ ಕರಾರುಪತ್ರವೇ ನಿಮಗೆ ಕಾನೂನು. ಹನ್ನೊಂದೇ ತಿಂಗಳು ಯಾಕೆ ಅಂದರೆ, ವರ್ಷ ಮೀರಿದರೆ ನೋಂದಣಿ ಖರ್ಚು ಬರುತ್ತದಲ್ಲ, ಅದಕ್ಕೆ. ಹನ್ನೊಂದು ತಿಂಗಳು ತುಂಬಿದ ಕೂಡಲೇ ಹೊರಗೆ ಹಾಕುತ್ತಾರೆ ಎಂದು ಅತ್ತೆಯವರು ಹೆದರಬೇಕಿಲ್ಲ. ಸಾಮಾನ್ಯವಾಗಿ ಬಾಡಿಗೆ ಸ್ವಲ್ಪ ಏರಿಸಿ ಮುಂದುವರಿಸುತ್ತಾರೆ.

ಕರಾರಿನಲ್ಲಿ ಮನೆ ಬಿಡುವ ಬಗ್ಗೆ ಇರುವ ಸಾಲುಗಳನ್ನು ಮೊದಲು ಓದಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಬೆಂಗಳೂರಿಗೆ ಬಂದ ಹೊಸತರಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಮನೆ ನೋಡಿದೆವು. ಹಾಲಿನ ತುಂಬ ಬಿಸಿಲು, ಹಿಂದೆ ಸೀಬೆ ಗಿಡ. ಅಲ್ಲೇ ಒಪ್ಪಿಕೊಂಡೆವು. ಹೋದ ಮೇಲೆ ಗೊತ್ತಾಯಿತು, ಆ ಮನೆಗೆ ಸಂಪ್ ಇಲ್ಲ. ದಿನ ಬಿಟ್ಟು ದಿನ ರಾತ್ರಿ ಮೂರಕ್ಕೆ ನಲ್ಲಿ ಬರುತ್ತಿತ್ತು. ಐದು ತಿಂಗಳು ಬಿಂದಿಗೆ ಹಿಡಿದು ಸುಸ್ತಾಗಿ ಖಾಲಿ ಮಾಡಿದೆವು. ಹನ್ನೊಂದು ತಿಂಗಳಿಗೆ ಮೊದಲು ಬಿಟ್ಟರೆ ಎರಡು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತೇವೆ ಎಂಬ ಸಾಲು ಕರಾರಿನಲ್ಲಿತ್ತಂತೆ. ಪೇಂಟಿಂಗ್‌ಗೆ ಇನ್ನೊಂದು ತಿಂಗಳದ್ದು ಹೋಯಿತು. ಓನರನ್ನು ಬೈಯಲಿಕ್ಕೂ ಆಗಲಿಲ್ಲ, ಕೆಳಗೆ ನನ್ನದೇ ಸಹಿ ಇತ್ತು.

ಹಾಗಾಗಿ ಕೇಳಿ: ಎಷ್ಟು ತಿಂಗಳ ನೋಟಿಸ್? ಮಧ್ಯದಲ್ಲಿ ಬಿಟ್ಟರೆ ಕಡಿತ ಎಷ್ಟು? ಪೇಂಟಿಂಗ್‌ಗೆ ಎಷ್ಟು? ಅಡ್ವಾನ್ಸ್ ವಾಪಸು ಯಾವತ್ತು, ಬೀಗದ ಕೈ ಕೊಟ್ಟ ದಿನವೋ, ಆಮೇಲೋ? ಮೊದಲೆಲ್ಲ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಮಾಮೂಲಿ. ನಿಮಗೆ ಕೇಳಿರುವುದು ಐದೂವರೆ ತಿಂಗಳಿನದು. ಪರವಾಗಿಲ್ಲ, ಆದರೂ ಚೌಕಾಸಿ ಮಾಡಿ. ಕೊಡುವಾಗ ಬ್ಯಾಂಕ್ ಖಾತೆಗೆ ಹಾಕಿ, ನಗದು ಬೇಡ. ಹೋಗುವ ದಿನವೇ ಗೋಡೆ, ನಲ್ಲಿ, ಕಿಟಕಿ ಗಾಜು ಎಲ್ಲದರ ಫೋಟೋ ತೆಗೆದು ಓನರಿಗೆ ವಾಟ್ಸ್ಆ್ಯಪ್ ಮಾಡಿ. ಮುಂದೆ "ಈ ಬಿರುಕು ನಿಮ್ಮದೇ" ಅನ್ನುವ ಮಾತು ಬರುವುದಿಲ್ಲ.

ನೀರಿನ ವಿಷಯ ಬಂತಲ್ಲ. ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ ಕಡೆಯ ಎಷ್ಟೋ ಬಡಾವಣೆಗಳಿಗೆ ಬೋರ್‌ವೆಲ್ಲೇ ಗತಿ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್‌ಗೆ ಜನ ಕಾದು ನಿಂತದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಬ್ರೋಕರನ್ನು ಕೇಳಿದರೆ "ಇಪ್ಪತ್ನಾಲ್ಕು ಗಂಟೆ ನೀರು" ಅನ್ನುತ್ತಾರೆ. ಪಕ್ಕದ ಮನೆಯವರನ್ನು ಕೇಳಿ: ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದಿರಾ, ದುಡ್ಡು ಓನರ್ ಕೊಟ್ಟರಾ ನೀವಾ? ಬಚ್ಚಲಿನ ನಲ್ಲಿಯ ಬಾಯಿ ನೋಡಿ. ಬಿಳಿ ಹಕ್ಕಳೆ ಕಟ್ಟಿದ್ದರೆ ಗಡಸು ನೀರು. ಬೇಳೆ ಬೇಯುವುದೂ ನಿಧಾನ.

ವಿಜಯನಗರ ಬೇಡ. ನಾದಿನಿಯ ಪ್ರೀತಿ ದೊಡ್ಡದು, ದಾರಿಯೂ ದೊಡ್ಡದು. ಅಲ್ಲಿಂದ ಬೊಮ್ಮಸಂದ್ರಕ್ಕೆ ಮೆಟ್ರೋದಲ್ಲಿ ಹೋದರೆ ಮೆಜೆಸ್ಟಿಕ್‌ನಲ್ಲಿ ಒಮ್ಮೆ, ಆರ್.ವಿ. ರಸ್ತೆಯಲ್ಲಿ ಇನ್ನೊಮ್ಮೆ ರೈಲು ಬದಲಿಸಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗಿದೆ. ಅದರ ಉದ್ದಕ್ಕೂ, ಹೆಬ್ಬಗೋಡಿಯಿಂದ ಸಿಂಗಸಂದ್ರ, ಕೂಡ್ಲು ಗೇಟ್‌ವರೆಗೆ ಹುಡುಕಿ. ಬೆಳಿಗ್ಗೆ ಆರರ ಶಿಫ್ಟ್ ಇದ್ದರೆ ಮಾತ್ರ ಮೆಟ್ರೋ ಕೈಹಿಡಿಯುವುದಿಲ್ಲ. ಕಂಪನಿ ಬಸ್ ಎಲ್ಲಿ ನಿಲ್ಲುತ್ತದೆ ಎಂದು ನಿಮ್ಮ ಯಜಮಾನರು ಮೊದಲು ವಿಚಾರಿಸಲಿ. ಅದರ ಸುತ್ತಲೇ ಟು-ಲೆಟ್ ಬೋರ್ಡ್ ನೋಡುತ್ತ ಒಂದೆರಡು ಸಂಜೆ ನಡೆಯಲಿ. ಬ್ರೋಕರ್‌ಗೆ ಕೊಡುವ ಒಂದು ತಿಂಗಳ ಬಾಡಿಗೆಯೂ ಉಳಿಯುತ್ತದೆ. ಮೊಬೈಲ್‌ನಲ್ಲಿ ಕಂಡ ಮನೆಗೆ, ನೋಡುವ ಮುಂಚೆಯೇ "ಗೇಟ್ ಪಾಸ್‌ಗೆ ಸ್ವಲ್ಪ ಹಾಕಿ" ಅನ್ನುವವರು ಸಿಕ್ಕರೆ ಸುಮ್ನೆ ಫೋನ್ ಇಟ್ಟುಬಿಡಿ.

ಆಷಾಢ ಬಂದರೆ ಮನೆ ಸಿಗಲ್ಲ ಅನ್ನುವ ಮಾತು ಉಲ್ಟಾ. ಆಷಾಢದಲ್ಲಿ ಜನ ಮನೆ ಬದಲಿಸುವುದಿಲ್ಲ, ಬೋರ್ಡು ತೂಗುತ್ತಲೇ ಇರುತ್ತದೆ, ಓನರ್ ಸ್ವಲ್ಪ ಬಗ್ಗುತ್ತಾರೆ. ಮಳೆಯೂ ಬಂದಿರುತ್ತದೆ. ಯಾವ ಗೋಡೆ ಸೋರುತ್ತದೆ, ಯಾವ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ ಎಲ್ಲ ಕಾಣುತ್ತದೆ. ಅತ್ತೆಯವರ ಸಮಾಧಾನಕ್ಕೆ ಆಷಾಢದಲ್ಲಿ ಮನೆ ಗೊತ್ತು ಮಾಡಿ, ಶ್ರಾವಣದಲ್ಲಿ ಹಾಲು ಉಕ್ಕಿಸಿ. ಮಗನಿಗೆ ಇನ್ನೂ ಶಾಲೆ ಇಲ್ಲ, ಅವಸರ ಯಾರಿಗೆ? ಬ್ರೋಕರ್‌ಗೆ.

ಹೊರಡುವ ಮುಂಚೆ ಎರಡು ಚಿಲ್ಲರೆ ಕೆಲಸ. ಈಗಿನ ಮನೆಗೆ ಗೃಹಜ್ಯೋತಿ ಇದ್ದರೆ ಕರೆಂಟ್ ಬಿಲ್ಲಿನಲ್ಲಿರುವ ಆ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಅರ್ಜಿ ಹಾಕಲು ಆಗುವುದಿಲ್ಲ. ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕಬೇಡಿ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಚೀಟಿ ಪಡೆಯಿರಿ, ಡಿಪಾಸಿಟ್ ವಾಪಸು ಬರುತ್ತದೆ.

ಪತ್ರದ ಕೊನೆಯಲ್ಲಿ ಅತ್ತೆಯವರಿಗೆ ಮಂಡಿನೋವು ಎಂದು ಒಂದು ಸಾಲು ಬರೆದಿದ್ದೀರಿ. ಆ ಎರಡನೇ ಮಹಡಿಗೆ ಲಿಫ್ಟ್ ಇದೆಯಾ ಎಂದು ಬರೆದಿಲ್ಲ. ಮುಂದಿನ ಸಲ ಮನೆ ನೋಡಲು ಯಜಮಾನರೊಬ್ಬರೇ ಹೋಗುವುದು ಬೇಡ. ನೀವೂ ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರು ಮೆಟ್ಟಿಲು ಹತ್ತಿ, ಇಳಿದು ನೋಡಲಿ.