ಕ್ಯಾಲೆಂಡರ್ ಮ್ಯಾನ್: ವೇಷ ಹಲವು, ಆಸಾಮಿ ಒಬ್ಬನೇ

ಪತ್ರದ ಸಾರ: ಶಿವಮೊಗ್ಗದ ಓದುಗರೊಬ್ಬರು ‘ದಿ ಲಾಂಗ್ ಹ್ಯಾಲೋವೀನ್’ ಎಂಬ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಓದಿ ಮುಗಿಸಿದ್ದಾರೆ. ಅದರಲ್ಲಿ ಬರುವ ಕ್ಯಾಲೆಂಡರ್ ಮ್ಯಾನ್ ಎಂಬ ಖಳ ಬೋಳುತಲೆಯವನು, ಸೆರೆಯಲ್ಲಿ ಕೂತು ಮೆಲ್ಲಗೆ ಮಾತಾಡುವವನು. ಹಳೆಯ ಕಥೆಯೊಂದರ ಮರುಮುದ್ರಣ ನೋಡಿದರೆ ಅಲ್ಲಿರುವುದು ವೇಷ ಹಾಕಿದ ಕಳ್ಳ. ಇಬ್ಬರೂ ಒಬ್ಬನೇನಾ, ಹಳೆಯ ಕಥೆಯ ಮೇಲೆ ಚಿತ್ರಕಾರ ಬಾಬ್ ಕೇನ್ ಸಹಿ ಇದ್ದರೂ ಬೇರೆಯವರ ಹೆಸರು ಹೇಳುತ್ತಾರಲ್ಲ ಯಾಕೆ, ಯಾವುದನ್ನು ಮೊದಲು ಓದಲಿ ಎಂದು ಕೇಳಿದ್ದಾರೆ. ‘ಆರ್ಕಮ್ ಸಿಟಿ’ ಗೇಮಿನಲ್ಲಿ ಕಾರ್ಮಿಕ ದಿನಕ್ಕೆಂದು ಮೇ 1ಕ್ಕೆ ದಿನಾಂಕ ಇಟ್ಟರೂ ಆತ ಕಥೆ ಹೇಳಲಿಲ್ಲ ಎಂಬ ದೂರೂ ಇದೆ.

ಸಂಪಾದಕರ ಉತ್ತರ:

ಆತ್ಮೀಯರೇ,

ಇಬ್ಬರೂ ಒಬ್ಬನೇ. ಹೆಸರು ಜೂಲಿಯನ್ ಗ್ರೆಗರಿ ಡೇ. ಜೂಲಿಯನ್ ಪಂಚಾಂಗ, ಅದನ್ನು ತಿದ್ದಿ 1582ರಲ್ಲಿ ಬಂದ ಗ್ರೆಗರಿಯ ಪಂಚಾಂಗ, ಎರಡನ್ನೂ ಹೊತ್ತ ಹೆಸರು. ವೇಷ ಎಷ್ಟು ಸಲ ಬದಲಾದರೂ ಅವನಿಗೆ ಅಂಟಿಕೊಂಡ ಕಟ್ಟಳೆ ಒಂದೇ: ದಿನ ನೋಡಿಯೇ ಅಪರಾಧ ಮಾಡಬೇಕು. ಈ ಕಟ್ಟಳೆಯನ್ನು ಬಿಗಿಯಾಗಿ ಹಿಡಿದ ಬರಹಗಾರನ ಕೈಯಲ್ಲಿ ಕಥೆ ಗೆದ್ದಿದೆ, ಸಡಿಲ ಬಿಟ್ಟವನ ಕೈಯಲ್ಲಿ ಸೋತಿದೆ. ಕಾರಣ ಸರಳ. ‘ಯಾವಾಗ’ ಎಂಬುದು ಬ್ಯಾಟ್‌ಮ್ಯಾನ್‌ಗೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ‘ಎಲ್ಲಿ’ ಮತ್ತು ‘ಹೇಗೆ’ ಎಂಬುದನ್ನು ಬಚ್ಚಿಡುವ ಕೆಲಸ ಪೂರ್ತಿ ಬರಹಗಾರನ ಮೇಲೆ ಬೀಳುತ್ತದೆ. ಅಲ್ಲಿ ಸೋಮಾರಿತನ ಮಾಡಿದರೆ ಉಳಿಯುವುದು ವೇಷ ಮಾತ್ರ.

ನೀವು ನೋಡಿದ್ದು ಡಿಟೆಕ್ಟಿವ್ ಕಾಮಿಕ್ಸ್ 259ನೇ ಸಂಚಿಕೆಯ ಕಥೆ. ಮುಖಪುಟದ ಮೇಲಿನ ತಿಂಗಳು ಸೆಪ್ಟೆಂಬರ್ 1958. (ಅಮೆರಿಕದ ಕಾಮಿಕ್ಸ್‌ನಲ್ಲಿ ಮುಖಪುಟದ ತಿಂಗಳು ಅಂಗಡಿಗೆ ಬಂದ ತಿಂಗಳಿಗಿಂತ ಸಾಮಾನ್ಯವಾಗಿ ಎರಡು ಮೂರು ತಿಂಗಳು ಮುಂದಿರುತ್ತದೆ. ಹಳೆಯ ಪ್ರತಿ ಹುಡುಕುವಾಗ ಇದು ನೆನಪಿರಲಿ.) ಬರೆದವರು ಬಿಲ್ ಫಿಂಗರ್, ಬಿಡಿಸಿದವರು ಶೆಲ್ಡನ್ ಮೋಲ್ಡಾಫ್. ಮೋಲ್ಡಾಫ್ 1953ರಿಂದ 1967ರವರೆಗೆ ತೆರೆಮರೆಯಲ್ಲಿ ಬಿಡಿಸುತ್ತಿದ್ದರು, ಸಹಿ ಮಾತ್ರ ಬಾಬ್ ಕೇನ್ ಅವರದು. ಫಿಂಗರ್ ಹೆಸರು ಆ ಕಾಲದ ಪುಟಗಳಲ್ಲಿ ಕಾಣುವುದೇ ಇಲ್ಲ. ಬ್ಯಾಟ್‌ಮ್ಯಾನ್‌ನ ಸೃಷ್ಟಿಯಲ್ಲಿ ಅವರಿಗೂ ಪಾಲಿದೆ ಎಂದು ಪ್ರಕಾಶಕರು ಅಧಿಕೃತವಾಗಿ ಮುದ್ರಿಸತೊಡಗಿದ್ದು 2015ರಲ್ಲಿ. ಫಿಂಗರ್ ತೀರಿಕೊಂಡು ಆಗಲೇ 41 ವರ್ಷ ಕಳೆದಿತ್ತು. ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬ ಅನ್ಯಾಯವನ್ನು ಓದುಗರು ತಿಳಿದಿರಲೇಬೇಕು. ಪತ್ರದಲ್ಲಿ ಇದನ್ನು ಕೇಳಿದ್ದು ಸಂತೋಷ.

ಆ ಕಥೆಯಲ್ಲಿ ಡೇ ಒಡ್ಡುವ ಸವಾಲು ಹೀಗಿದೆ: ಐದು ದಿನ, ಐದು ಅಪರಾಧ, ಒಂದೊಂದೂ ಒಂದೊಂದು ಋತುವಿನದು. ಅಮೆರಿಕದ ಹುಡುಗರಿಗೆ ಗೊತ್ತಿದ್ದ ಋತು ನಾಲ್ಕೇ. ಹಾಗಾದರೆ ಐದನೆಯದು ಯಾವುದು? ಉತ್ತರ: ಭಾರತದ ಮಳೆಗಾಲ. ಊರಿನಲ್ಲಿ ಪ್ರದರ್ಶನ ಕೊಡುತ್ತಿದ್ದ ‘ಮಹಾರಾಜ’ ಎಂಬ ಜಾದೂಗಾರನೇ ಕ್ಯಾಲೆಂಡರ್ ಮ್ಯಾನ್ ಎಂದು ಬ್ಯಾಟ್‌ಮ್ಯಾನ್ ಇದರಿಂದ ಪತ್ತೆ ಹಚ್ಚುತ್ತಾನೆ. ವಸಂತದಿಂದ ಶಿಶಿರದವರೆಗೆ ಆರು ಎಣಿಸುವ ನಮಗೆ, ಅದರಲ್ಲೂ ನಿಮ್ಮ ಮಲೆನಾಡಿನವರಿಗೆ, ಈ ಒಗಟು ಬೇಗ ಬಿಡಿಸಿಕೊಳ್ಳುತ್ತದೆ. ಆದರೂ ಸುಳಿವು ನ್ಯಾಯವಾದದ್ದು. ಓದುಗನಿಂದ ಏನನ್ನೂ ಮುಚ್ಚಿಡದೆ ಜಾದೂಗಾರನನ್ನು ಕಣ್ಣೆದುರೇ ನಿಲ್ಲಿಸಿದ್ದಾರೆ. ಪಾಶ್ಚಾತ್ಯ ಜಾದೂಗಾರರು ಪೇಟ ಸುತ್ತಿ ಭಾರತೀಯರಂತೆ ವೇದಿಕೆಗೆ ಬರುತ್ತಿದ್ದ ರೂಢಿ ಆಗ ಇನ್ನೂ ಜನರ ನೆನಪಿನಲ್ಲಿತ್ತು. ಇಂದು ಅದು ಕಣ್ಣಿಗೆ ಕಿರಿಕಿರಿ, ನಿಜ. ಒಗಟಿನ ಹೆಣಿಗೆ ಮಾತ್ರ ಗಟ್ಟಿ.

ಅವನು ಆಗ ಕೊಲೆಗಾರನಾಗಿರದೆ ಚಮತ್ಕಾರದ ಕಳ್ಳನಾಗಿದ್ದುದಕ್ಕೂ ಕಾರಣವಿದೆ. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಹಾಕಿಕೊಂಡರು. ರಕ್ತಪಾತಕ್ಕೆ, ಭೀಕರತೆಗೆ ಕಡಿವಾಣ ಬಿತ್ತು. ಹೆದರಿಸುವ ದಾರಿ ಮುಚ್ಚಿದ್ದರಿಂದ ಖಳರು ಒಗಟು, ಉಪಕರಣ, ವೇಷಗಳ ಕಡೆ ಹೊರಳಿದರು.

ಮುಂದಿನ ಕಥೆಗೆ ಬರೋಬ್ಬರಿ 21 ವರ್ಷ ಹಿಡಿಯಿತು. ಬ್ಯಾಟ್‌ಮ್ಯಾನ್ 312ನೇ ಸಂಚಿಕೆ, ಜೂನ್ 1979. ಬರಹ ಲೆನ್ ವೀನ್, ಚಿತ್ರ ವಾಲ್ಟರ್ ಸೈಮನ್ಸನ್. ಋತುಗಳ ಜಾಗಕ್ಕೆ ಇಲ್ಲಿ ವಾರದ ದಿನಗಳು ಬಂದವು. ಇಂಗ್ಲಿಷ್ ವಾರದ ಹೆಸರುಗಳ ಹಿಂದಿರುವ ದೇವತೆಗೆ ತಕ್ಕಂತೆ ದಿನಕ್ಕೊಂದು ವೇಷ: ಸೋಮವಾರ ಚಂದ್ರ, ಬುಧವಾರ ಓಡಿನ್, ಗುರುವಾರ ಥಾರ್, ಶನಿವಾರ ಶನಿ. ಚಂದ್ರನೂ ಶನಿಯೂ ನಮ್ಮ ವಾರದಲ್ಲೂ ಅದೇ ಜಾಗದಲ್ಲಿದ್ದಾರೆ; ನಡುವಿನವರು ಉತ್ತರ ಯುರೋಪಿನ ದೇವತೆಗಳು. ಇಷ್ಟು ತಿಳಿದುಕೊಂಡು ಓದಿದರೆ ಮಜಾ ಇಮ್ಮಡಿ. ಅವನ ಕಥೆಗಳಲ್ಲಿ ಕಟ್ಟಳೆಯನ್ನು ಅತ್ಯಂತ ಚೊಕ್ಕವಾಗಿ ದುಡಿಸಿಕೊಂಡದ್ದು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ದಿನ ಉರುಳಿದ ಹಾಗೆ ಗಡುವು ತಾನಾಗಿಯೇ ಬಿಗಿಯಾಗುತ್ತದೆ.

1985ರ ಕಥೆ ಕೊಳ್ಳುವಾಗ ಎಚ್ಚರ. ಅದು ಬ್ಯಾಟ್‌ಮ್ಯಾನ್ 384ರಲ್ಲಿ ಶುರುವಾಗಿ ಡಿಟೆಕ್ಟಿವ್ ಕಾಮಿಕ್ಸ್ 551ರಲ್ಲಿ ಮುಂದುವರಿದು ಬ್ಯಾಟ್‌ಮ್ಯಾನ್ 385ರಲ್ಲಿ ಮುಗಿಯುತ್ತದೆ. ಆ ವರ್ಷಗಳಲ್ಲಿ ಡಗ್ ಮೆಂಚ್ ಎರಡೂ ಪತ್ರಿಕೆಗಳಿಗೆ ಬರೆಯುತ್ತಿದ್ದು, ಕಥೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಒಂದನ್ನೇ ಕೊಂಡರೆ ಅರೆಬರೆ ಕಥೆ ಕೈಗೆ ಸಿಗುತ್ತದೆ.

ಇನ್ನು ನಿಮ್ಮನ್ನು ಗೊಂದಲಕ್ಕೆ ಕೆಡವಿದ ಬದಲಾವಣೆ. 1992–93ರ ‘ಶಾಡೋ ಆಫ್ ದಿ ಬ್ಯಾಟ್’ 7ರಿಂದ 9ನೇ ಸಂಚಿಕೆಗಳಲ್ಲಿ ಅವನು ಕಿಲ್ಲರ್ ಮಾತ್, ಕ್ಯಾಟ್‌ಮ್ಯಾನ್ ಮುಂತಾದ ಸೋತವರ ಗುಂಪು ಸೇರುತ್ತಾನೆ. ದಿನ, ತಿಥಿ ಒಂದಕ್ಕೂ ಬೆಲೆಯಿಲ್ಲ, ಅವನು ಗುಂಪಿನಲ್ಲಿ ಗೋವಿಂದ. ಚಿತ್ರ ಬಿಡಿಸಿದವರು ಟಿಮ್ ಸೇಲ್. ಅದೇ ಸೇಲ್ 1996–97ರಲ್ಲಿ ಬರಹಗಾರ ಜೆಫ್ ಲೋಬ್ ಜೊತೆ ಕೂತು ‘ಲಾಂಗ್ ಹ್ಯಾಲೋವೀನ್’ನ 13 ಸಂಚಿಕೆಗಳನ್ನು ಬಿಡಿಸಿದಾಗ, ಅವನ ವೇಷವನ್ನೆಲ್ಲ ಕಳಚಿ ಎಸೆದರು. ಆ ಪುಟಗಳನ್ನು ಮತ್ತೆ ತೆಗೆದು ನೋಡಿ: ಬಿಳಿಚಿದ ಮೈ, ನುಣ್ಣನೆ ತಲೆ, ತಲೆಯ ಸುತ್ತ ಹಚ್ಚೆ ಹಾಕಿದ ತಿಂಗಳುಗಳ ಸಂಕ್ಷಿಪ್ತ ಹೆಸರುಗಳು. ಹಬ್ಬಹಬ್ಬಕ್ಕೂ ಕೊಲೆ ಮಾಡುವವನು ಹೊರಗಿದ್ದಾನೆ. ಹಬ್ಬಗಳ ಮರ್ಮ ಬಲ್ಲವನು ಒಳಗಿದ್ದಾನೆ. ತಾನು ಮಾಡಬೇಕಾದ ಅಪರಾಧವನ್ನು ಬೇರೊಬ್ಬ ಮಾಡುತ್ತಿರುವುದನ್ನು ಸೆರೆಯಲ್ಲಿ ಕೂತು ಎಣಿಸುವುದೇ ಅವನ ಪಾಲಿನ ಶಿಕ್ಷೆ. ಕೊಲೆಗಾರನ ಬಗ್ಗೆ ಮಾತಾಡುವಾಗ ಗಂಡೋ ಹೆಣ್ಣೋ ಎಂಬುದನ್ನು ಅವನು ತೆರೆದೇ ಇಡುತ್ತಾನೆ. ಮರು ಓದಿನಲ್ಲಿ ಆ ಮಾತಿನ ಮೇಲೆ ಕಣ್ಣಿಡಿ.

2016ರ ‘ಬ್ಯಾಟ್‌ಮ್ಯಾನ್: ರೀಬರ್ತ್’ ಮೊದಲ ಸಂಚಿಕೆಯಲ್ಲಿ ಅವನ ದೇಹವೇ ಋತುಗಳ ಜೊತೆ ಮುಪ್ಪಾಗಿ, ವಸಂತದಲ್ಲಿ ಹೊಸದಾಗಿ ಹುಟ್ಟುತ್ತದೆ. ಕಲ್ಪನೆ ಚೆನ್ನಾಗಿದೆ. ಆದರೆ ದಿನವನ್ನು ಆರಿಸುವ ಹಟ ಹೋಗಿ ದಿನವೇ ಅವನನ್ನು ಆಳುತ್ತದೆ, ಹಾಗಾಗಿ ಅದು ನಮಗೆ ಅಷ್ಟು ರುಚಿಸಲಿಲ್ಲ.

ಈಗ ಗೇಮಿನ ತೊಂದರೆ. 2011ರ ‘ಆರ್ಕಮ್ ಸಿಟಿ’ಯಲ್ಲಿ ಅವನು ನ್ಯಾಯಾಲಯದ ನೆಲಮಾಳಿಗೆಯ ಸೆರೆಯಲ್ಲಿದ್ದಾನೆ. ವರ್ಷದ 12 ನಿಗದಿತ ದಿನಗಳಂದು ಹೋದರೆ ಒಂದೊಂದು ಕಥೆ ಹೇಳುತ್ತಾನೆ; ಹನ್ನೆರಡೂ ಕೇಳಿದರೆ ‘ಸ್ಟೋರಿಟೆಲರ್’ ಪದಕ. ಗೇಮ್ ನೋಡುವುದು ಯಂತ್ರದ ಗಡಿಯಾರವನ್ನು, ಲೆಕ್ಕ ಹಾಕುವುದು ಅಮೆರಿಕದ ಹಬ್ಬಗಳನ್ನು. ಅಲ್ಲಿ ಕಾರ್ಮಿಕ ದಿನ ಸೆಪ್ಟೆಂಬರ್‌ನ ಮೊದಲ ಸೋಮವಾರ. ಮೇ 1 ಕೆಲಸ ಮಾಡದ್ದು ಅದಕ್ಕೇ.

ಎಂಟು ದಿನಗಳ ದಿನಾಂಕ ಬದಲಾಗುವುದಿಲ್ಲ: ಜನವರಿ 1, ಫೆಬ್ರವರಿ 14, ಮಾರ್ಚ್ 17, ಏಪ್ರಿಲ್ 1, ಜುಲೈ 4, ಆಗಸ್ಟ್ 16, ಅಕ್ಟೋಬರ್ 31, ಡಿಸೆಂಬರ್ 25. ಕೈಕೊಡುವುದು ವರ್ಷವರ್ಷ ಸರಿಯುವ ಉಳಿದ ನಾಲ್ಕು. ಯಂತ್ರದ ವರ್ಷವನ್ನು 2011ಕ್ಕೆ ಇಟ್ಟುಕೊಂಡರೆ ಅಮ್ಮಂದಿರ ದಿನ ಮೇ 8, ಅಪ್ಪಂದಿರ ದಿನ ಜೂನ್ 19, ಕಾರ್ಮಿಕ ದಿನ ಸೆಪ್ಟೆಂಬರ್ 5, ಥ್ಯಾಂಕ್ಸ್‌ಗಿವಿಂಗ್ ನವೆಂಬರ್ 24. ಪ್ರತಿ ಸಲ ಗೇಮ್ ಸೇವ್ ಮಾಡಿ, ಪೂರ್ತಿ ಹೊರಬಂದು, ದಿನಾಂಕ ಬದಲಿಸಿ ಮತ್ತೆ ತೆರೆಯಿರಿ. ಇಂಟರ್ನೆಟ್‌ನಿಂದ ತಾನಾಗಿ ಸಮಯ ಪಡೆಯುವ ಆಯ್ಕೆಯನ್ನು ಮೊದಲು ಆಫ್ ಮಾಡಿಬಿಡಿ, ಇಲ್ಲವಾದರೆ ಗಡಿಯಾರ ಇಂದಿನ ದಿನಕ್ಕೇ ಮರಳುತ್ತದೆ. ಕಂಪ್ಯೂಟರಿನಲ್ಲಿ ಆಡುವವರು ಮುಗಿದ ಮೇಲೆ ದಿನಾಂಕ ಸರಿಪಡಿಸುವುದನ್ನು ಮರೆಯಬೇಡಿ. ತಪ್ಪು ದಿನಾಂಕವಿದ್ದರೆ ಬ್ರೌಸರ್ ಬ್ಯಾಂಕಿನ ಪುಟವನ್ನೂ ಅಸುರಕ್ಷಿತ ಎಂದು ತಡೆಯುತ್ತದೆ. ಜೊತೆಗೆ ಒಂದು ಗುಟ್ಟಿನ ದಿನವಿದೆ, 13 ಡಿಸೆಂಬರ್ 2004. ಗೇಮ್ ತಯಾರಿಸಿದ ರಾಕ್‌ಸ್ಟೆಡಿ ಸಂಸ್ಥೆ ಹುಟ್ಟಿದ ದಿನ ಅದು. ಅಂದೂ ಅವನಿಗೆ ಹೇಳಲು ಮಾತಿದೆ.

ಓದುವ ಕ್ರಮ ಕೇಳಿದ್ದೀರಿ. ಮೊದಲು 1979ರ ಸಂಚಿಕೆ, ಆಮೇಲೆ 1958ರದ್ದನ್ನು ಮತ್ತೊಮ್ಮೆ, ನಂತರ 1985ರ ಮೂರು ಸಂಚಿಕೆ. ಅಷ್ಟಾದ ಮೇಲೆ ಲೋಬ್–ಸೇಲ್ ಅವರದೇ ‘ಡಾರ್ಕ್ ವಿಕ್ಟರಿ’ಗೆ ಹೋಗಿ. ‘ಲಾಂಗ್ ಹ್ಯಾಲೋವೀನ್’ನ ಗುಟ್ಟು ಅದರಲ್ಲಿ ಶುರುವಿಗೇ ಬಯಲಾಗುತ್ತದೆ. ನೀವು ಮೊದಲಿನದನ್ನು ಮುಗಿಸಿರುವುದರಿಂದ ತೊಂದರೆಯಿಲ್ಲ, ಆದರೆ ಸ್ನೇಹಿತರಿಗೆ ಕೊಡುವಾಗ ಎರಡನ್ನೂ ಇದೇ ಕ್ರಮದಲ್ಲಿ ಕೊಡಿ.

— ಸಂ.